ಒಡಪಿನ ಬೇರು

ಗುದ್ಲೆಪ್ಪ ಮಾಮಾ ನೀರಿನ ಲೋಟ ಕೈಯಲ್ಲಿ ಹಿಡಿದುಕೊಂಡೇ ಕೇಳಿದ, "ನೀರು ಅಂದ್ರ ಏನು?"

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡು ನಾನು ನಕ್ಕೆ. ಮಾಮಾ ನಗಲಿಲ್ಲ. ಲೋಟವನ್ನು ತಿರುಗಿಸಿ ನೋಡಿದ, ನನ್ನ ಮುಖ ನೋಡಿದ, ಮತ್ತೆ ಅದನ್ನೇ ಕೇಳಿದ. ಬಾಯಾರಿ ತುಟಿ ಒಣಗಿತ್ತು. ಆದರೂ ನಾನು ಹೇಳಿದ "ನೀರು ಕುಡಿ ಮಾಮಾ" ಎಂಬ ಮಾತಿಗೂ ಅವನ ಕೈಯಲ್ಲಿದ್ದ ವಸ್ತುವಿಗೂ ನಂಟೇ ಉಳಿದಿರಲಿಲ್ಲ. ಅಕ್ಕ ಅಡುಗೆಮನೆ ಬಾಗಿಲಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಅಕ್ಕನ ಗಂಡನನ್ನು ನಮ್ಮ ಕಡೆ ಮಾಮಾ ಅನ್ನುತ್ತೇವೆ. ನಾನು ಸಣ್ಣವಳಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಬ್ಯಾಡಗಿ ಪೇಟೆಯೆಲ್ಲ ತಿರುಗಿಸಿದವನು, ಹಾಗಾಗಿ ನನಗೆ ಅವನು ಯಾವತ್ತೂ ಏಕವಚನವೇ. ಮೆಣಸಿನಕಾಯಿ ಪೇಟೆಯ ಒಂದು ಅಂಗಡಿಯಲ್ಲಿ ಚೀಲ ಬಿಚ್ಚಿಸಿ, ಕಾಯಿ ಮುರಿದು ನೋಡಿ ದರ ಕೂಗುವ ಕೆಲಸ ಅವನದು. ಮಾತಿನಲ್ಲಿ ಅವನನ್ನು ಗೆದ್ದವರಿಲ್ಲ. ಆ ವರ್ಷ ಮಿದುಳುಜ್ವರ ಬಂತು. ಜೀವ ಉಳಿಯಿತು, ನಾಲಿಗೆ ಉಳಿಯಿತು, ಪದಗಳ ಒಳಗಿನ ತಿರುಳು ಮಾತ್ರ ಹೋಗಿಬಿಟ್ಟಿತು. "ಒಲಿ" ಅಂದರೆ "ಒಲಿ" ಅನ್ನುತ್ತಿದ್ದ, ಆಮೇಲೆ ಉರಿಯುವ ಒಲೆಗೆ ಕೈ ಇಡಲು ಹೋಗುತ್ತಿದ್ದ.

ನಾನು ಹುಬ್ಬಳ್ಳಿ ಹೊರಗಿನ ಒಂದು ಮಿದುಳು ಸಂಶೋಧನಾ ಕೇಂದ್ರದಲ್ಲಿ ಯಂತ್ರ ನಡೆಸುವವಳು. ಡಾಕ್ಟರ್ ಅಲ್ಲ. ಗಾಜಿನ ಈಚೆ ಕುಳಿತು, ಇನ್ನೊಬ್ಬರ ತಲೆಯೊಳಗಿನ ಬೆಳಕನ್ನು ಪರದೆಯ ಮೇಲೆ ನೋಡುವುದು ನನ್ನ ಕೆಲಸ. ಹಾಗಾಗಿ ಮಾಮಾನಿಗೆ ಏನಾಗಿದೆ ಅನ್ನುವುದು ಡಾಕ್ಟರು ಹೇಳುವ ಮೊದಲೇ ನನಗೆ ಅಂದಾಜಿತ್ತು. ಇಂಥ ವಿದ್ಯೆ ಕಲಿಯದೆ ಇದ್ದಿದ್ದರೆ ನೆಮ್ಮದಿಯಾಗಿ ಅಳಬಹುದಿತ್ತು.

ಕಿವಿಯ ಮುಂದೆ, ಕಣತಲೆಯ ಒಳಗೆ, ಮಿದುಳಿನ ಟೆಂಪೊರಲ್ ಹಾಲೆಯ ತುದಿ ಇರುತ್ತದೆ. ಸಣ್ಣ ಜಾಗ. ಪದಗಳ ಅರ್ಥ ಗಂಟು ಬೀಳುವುದು ಅಲ್ಲಿ. ನಿಂಬೆಹಣ್ಣಿನ ಬಣ್ಣ ಮಿದುಳಿನ ಒಂದು ಕಡೆ, ಹುಳಿ ಇನ್ನೊಂದು ಕಡೆ, ಹಿಂಡುವ ಕೈಯ ಚಲನೆ ಮತ್ತೊಂದು ಕಡೆ ಇರುತ್ತವೆ. ಇವೆಲ್ಲವುಗಳ ದಾರ ಬಂದು ಸೇರಿ "ನಿಂಬೆಹಣ್ಣು" ಆಗುವುದು ಈ ತುದಿಯಲ್ಲಿ. ಅದರ ಹಿಂದೆಯೇ ಹಿಪೊಕ್ಯಾಂಪಸ್ ಎಂಬ ಇನ್ನೊಂದು ಭಾಗವಿದೆ. ಅದು ಕಲಿಯುವ ಬಾಗಿಲು. ಹೊಸದನ್ನು ಒಳಗೆ ಬಿಟ್ಟುಕೊಂಡು, ಕೆಲವು ಕಾಲ ಇಟ್ಟುಕೊಂಡು, ನಿಧಾನಕ್ಕೆ ತುದಿಗೆ ದಾಟಿಸುತ್ತದೆ. ಮಾಮಾನ ಜ್ವರ ಬಾಗಿಲನ್ನು ಬಿಟ್ಟು ತುದಿಯ ಕಣಜವನ್ನು ಸುಟ್ಟಿತ್ತು. ಕಲಿಯಬಲ್ಲ, ಕಲಿತದ್ದನ್ನು ಇಡಲು ಜಾಗವಿಲ್ಲ.

ನಮ್ಮ ಕೇಂದ್ರದ ಡಾಕ್ಟರ್ ಹೆರೂರ ಮೇಡಂ ಆ ಕಣಜವನ್ನೇ ಹೊಸದಾಗಿ ಕಟ್ಟುವ ದಾರಿ ಕಂಡುಕೊಂಡಿದ್ದರು. ರೋಗಿಯ ಚರ್ಮದಿಂದಲೇ ಎಳೆಯ ನರಕೋಶ ಬೆಳೆಸಿ ಸುಟ್ಟ ಜಾಗದಲ್ಲಿ ನೆಡುವುದು. ಆದರೆ ಖಾಲಿ ಕೋಶಕ್ಕೆ ನೀರೂ ಗೊತ್ತಿಲ್ಲ, ನಿಂಬೆಯೂ ಗೊತ್ತಿಲ್ಲ. ಕೂಸಿಗೆ ಕಲಿಸಿದ ಹಾಗೆ ಕಲಿಸುತ್ತ ಕೂತರೆ ವರ್ಷಗಟ್ಟಲೆ ಬೇಕು. ಕೋಶಗಳ ಎಳೆತನವೋ ಒಂದು ಮಳೆಗಾಲದೊಳಗೆ ಮುಗಿಯುತ್ತದೆ, ಆಮೇಲೆ ಗಾರೆಯಂತೆ ಗಟ್ಟಿ. ಅದಕ್ಕೇ ಇನ್ನೊಬ್ಬರ ಮಿದುಳಿನಿಂದ ಅರ್ಥದ ಗಂಟುಗಳ ಅಚ್ಚು ತೆಗೆದು, ಕಾಂತದ ಮಿಡಿತಗಳಿಂದ ಈ ಎಳೆಯ ಕೋಶಗಳ ಮೇಲೆ ಒತ್ತುವುದು. ಮಾವಿಗೆ ಕಸಿ ಕಟ್ಟಿದ ಹಾಗೆ. ನಾವೆಲ್ಲ ಅದನ್ನು ನುಡಿಕಸಿ ಅನ್ನುತ್ತಿದ್ದೆವು.

"ಅವರ ಜೋಡಿ ಯಾರು ಭಾಳ ವರ್ಷ ಒಂದೇ ಮನ್ಯಾಗ ಇದ್ದಾರೋ ಅವರದೇ ಅಚ್ಚು ಬೇಕು" ಎಂದರು ಮೇಡಂ. "ಅದೇ ಪಾತ್ರೆ, ಅದೇ ಓಣಿ, ಅದೇ ಊಟ. ಅಂದ್ರ ಅರ್ಥ ಲಗೂನ ಹೊಂದ್ತಾವ."

ಮಕ್ಕಳಿಲ್ಲದ ಮನೆ. ಇದ್ದವಳು ಅಕ್ಕ ಒಬ್ಬಳೇ. ಅವಳು ಕೇಳಿದ್ದು ಒಂದೇ ಮಾತು: "ನನ್ನ ತಲ್ಯಾಗಿಂದು ತಗದ್ರ ನನಗ ಕಡಿಮಿ ಆಗತೈತೇನ್ರಿ?"

"ಇಲ್ಲವಾ, ಒಂದು ದೀಪದಿಂದ ಇನ್ನೊಂದು ಹಚ್ಚಿದಂಗ."

"ಕಡಿಮಿ ಆದ್ರೂ ತಗೋರಿ" ಎಂದಳು ಅಕ್ಕ.

*

ಅಚ್ಚು ತೆಗೆಯುವಾಗ ಅಕ್ಕನ ತಲೆಗೆ ದೊಡ್ಡ ಗವಸು ತೊಡಿಸಿ ಗಾಜಿನ ಆಚೆ ಕೂರಿಸಿದ್ದೆವು. ಎದುರಿನ ಪರದೆಯಲ್ಲಿ ಒಂದೊಂದೇ ಚಿತ್ರ ಬರುತ್ತಿತ್ತು. ನೋಡಿ, ಹೆಸರು ಹೇಳಿ, ಅದರ ಬಗ್ಗೆ ಮನಸ್ಸಿನಲ್ಲೇ ಸ್ವಲ್ಪ ಯೋಚಿಸಬೇಕು. ಕೊಡ, ರೊಟ್ಟಿ ಹಂಚು, ಎಮ್ಮೆ, ಬಸ್ಸು, ಹಲ್ಲಿ. ಅಕ್ಕ ಹಲ್ಲಿಗೆ "ಅಯ್ಯ, ತಗೀರಿ ಅದನ್ನ" ಎಂದು ಕೂಗಿ ನಮ್ಮನ್ನೆಲ್ಲ ನಗಿಸಿದಳು. ಅವಳದೇ ಫೋಟೋ ಬಂದಾಗ ನಾಚಿ, "ಇದು ನಾನು, ನಿಂಬಕ್ಕ" ಅಂದಳು. ಆಮೇಲೆ ಮಾಮಾನ ಫೋಟೋ ಬಂತು.

"ಇವರು" ಎಂದಳು ಅಕ್ಕ.

"ಹೆಸರು ಹೇಳ್ರಿ ನಿಂಬವ್ವಾರ" ಎಂದರು ಮೇಡಂ ಮೈಕಿನಲ್ಲಿ.

"ನಮ್ಮವರು."

"ಹೆಸರು ಬೇಕವಾ."

ಅಕ್ಕ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ನನಗೆ ರೇಗಿತು. ನಾನಂತೂ ಮನೆಯಲ್ಲಿ "ವಿರೂಪಾಕ್ಷ, ಹಾಲು ಉಕ್ಕಾಕತ್ತೈತಿ" ಎಂದು ದಿನಕ್ಕೆ ಹತ್ತು ಸಲ ಗಂಡನ ಹೆಸರು ಕೂಗುವವಳು. "ಅಕ್ಕಾ, ಹೇಳ ಬೇ, ಇಲ್ಲಿ ಯಾರು ಕೇಳತಾರ?" ಎಂದೆ. "ಗ್ವಾಡಿ ಕೇಳತೈತಿ" ಎಂದಳು. ಬಲವಂತಕ್ಕೆ ಒಂದು ಸಲ ತುಟಿ ಅಲುಗಿಸಿದಳು. ಪರದೆಯಲ್ಲಿ ಬೆಳಕು ಏಳುವ ಮೊದಲೇ ಮಿದುಳಿನ ಮುಂಭಾಗದಿಂದ ತಡೆ ಬಂದು ಎಲ್ಲ ಆರಿಹೋಯಿತು. ಮೂವತ್ತು ವರ್ಷದ ರೂಢಿ, ನಮ್ಮ ಯಂತ್ರಕ್ಕೆ ಬಗ್ಗುತ್ತದೆಯೇ?

ಆಗ ಮೇಡಂಗೆ ಹುರುಪು ಬಂತು. "ಹಂಗಾರ ಒಡಪು ಹೇಳ್ರಿ! ಮದುವ್ಯಾಗ ಹೇಳಿರ್ತೀರಲ್ಲ?"

ಗಂಡನ ಹೆಸರನ್ನು ಬರಿದೆ ಹೇಳಿದರೆ ಅವನ ಆಯುಷ್ಯ ಕಡಿಮೆ, ಪದ ಕಟ್ಟಿ ಅದರೊಳಗೆ ಸೇರಿಸಿ ಹೇಳಿದರೆ ದೋಷವಿಲ್ಲ. ನಮ್ಮ ಅಜ್ಜಿ ಕಲಿಸಿದ ಲೆಕ್ಕ ಅದು. ಅಕ್ಕನ ಮುಖ ಅರಳಿತು. ಗವಸಿನೊಳಗೇ ಸೆರಗು ಸರಿಮಾಡಿಕೊಳ್ಳಲು ಕೈ ಹೋಯಿತು.

"ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕ ಚೆಂದ,
ಹೊತ್ತು ಮುಳುಗೂದರಾಗ ಗುದ್ಲೆಪ್ಪನವರು ಮನಿಗೆ ಬಂದ್ರ ನನಗಾನಂದ!"

ಪರದೆ ಝಗ್ಗೆಂದಿತು. ಅಂಥ ಬೆಳಕನ್ನು ನಾನು ಯಾರ ತಲೆಯಲ್ಲೂ ಕಂಡಿರಲಿಲ್ಲ. ವಾಸನೆಯ ಭಾಗ ಎಲ್ಲಕ್ಕಿಂತ ಹೆಚ್ಚು, ಆಮೇಲೆ ಕಿವಿಯ ಭಾಗ, ಮುಖ ಗುರುತಿಸುವ ಭಾಗ ಕಡೆಗೆ. ಮೇಡಂ ಕುರ್ಚಿ ಬಿಟ್ಟು ಎದ್ದರು. "ಇದನ್ನೇ ತಾಯಿಬೇರು ಮಾಡೋಣು!"

ಪದಗಳು ಒಂಟಿಯಾಗಿ ನಿಲ್ಲುವುದಿಲ್ಲ. ಮೊದಲು ಒಂದು ಬಲವಾದ ಗಂಟನ್ನು ಊರಿ, ಉಳಿದವನ್ನು ಅದಕ್ಕೆ ಕಟ್ಟುತ್ತ ಹೋಗಬೇಕು. ಅದೇ ತಾಯಿಬೇರು. ಹಿಂದಿನ ರೋಗಿಗಳಿಗೆಲ್ಲ "ಅವ್ವ" ಎಂಬ ಪದವನ್ನೋ "ಹಾಲು" ಎಂಬುದನ್ನೋ ಬೇರು ಮಾಡಿದ್ದೆವು. ಈ ಸಲ ಯಾರೂ ಬೇಡ ಅನ್ನಲಿಲ್ಲ. ನರ್ಸುಗಳು ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಬೇರೆ ಸೀಮೆಯವರಾಗಿದ್ದರೆ ಗಂಡನ ಹೆಸರು ಹೇಳಲು ಹೆಂಗಸಿಗೆ ಪದ ಯಾಕೆ ಬೇಕು, ಆ ಪದದೊಳಗೆ ಏನಿದೆ ಎಂದು ಕೇಳುತ್ತಿದ್ದರೇನೋ. ನಮಗೆ ಅದು ಮದುವೆಮನೆಯ ಸಂಭ್ರಮದ ಹಾಗೆ ಕಂಡಿತು.

*

ಕಸಿ ಹಿಡಿಯಿತು. ಶಿವನಾಣೆ, ಅಂಥ ಹಿಗ್ಗನ್ನು ನಾನು ಮತ್ತೆ ಕಾಣಲಿಕ್ಕಿಲ್ಲ. ಒಂದು ಮುಂಜಾನೆ ಮಾಮಾ ಲೋಟ ನೋಡಿ "ನೀರು" ಎಂದ, ಕುಡಿದ, "ತಂಪು ಐತಿ" ಎಂದ. ಆಮೇಲೆ ಮಳೆ ಹನಿದಂತೆ ಪದಗಳು ಬಂದವು. ಒಲೆ ಅಂದರೆ ದೂರ ಸರಿದ. ಹಲ್ಲಿ ಕಂಡು ಅಕ್ಕನ ಹಾಗೆಯೇ ಚೀರಿದ. ಮನೆಗೆ ಕಳಿಸಿದ ಮೇಲೆ ಹಾಲಿನವನಿಗೆ "ಎಷ್ಟು ನೀರು ಬೆರಸ್ತೀಯೋ, ನಿನ್ನ ಕೈಗಿಷ್ಟು" ಎಂದು ಬೈದ. ರೊಟ್ಟಿ ಬಡಿಯಲು ಕೂತ.

"ಹೆಂಗಸರ ಬುದ್ಧಿ ಬಂತು ನೋಡು ಮಾಮಾಗ" ಎಂದು ನಾನು ಚುಡಾಯಿಸಿದೆ.

"ಬರಲಿ ಬಿಡು, ಇಷ್ಟು ದಿನಕ್ಕಾದ್ರೂ ಬುದ್ಧಿ ಅನ್ನೂದೊಂದು ಬಂತಲ್ಲ" ಎಂದು ಅಕ್ಕ ನಕ್ಕಳು. ಆಮೇಲೆ ನಿಧಾನಕ್ಕೆ ಹೇಳಿದಳು: "ನನ್ನ ಮಾತ್ರ ಏನಂತ ಕರೀವಲ್ರು. ಎದುರಿಗೆ ಬಂದ್ರ ಸುಮ್ನ ನೋಡತಾರ."

"ಮೊದಲಾದ್ರೂ ಎಲ್ಲಿ ಕರೀತಿದ್ದ? 'ಏ ಇಕಿನ' ಅನ್ನತಿದ್ದ."

"ಅದನ್ನಾದ್ರೂ ಅನ್ನಲಿ" ಎಂದಳು.

ಊಟದ ತಕರಾರು ಶುರುವಾದದ್ದು ಮನೆಗೆ ಬಂದ ಮೇಲೆಯೇ. ಕೇಂದ್ರದಲ್ಲಿ ಇಟ್ಟಿದ್ದನ್ನು ಉಣ್ಣುತ್ತಿದ್ದ. ಆ ಜಾಗಕ್ಕೆ ಸಂಜೆ ಅನ್ನುವುದೂ ಇರಲಿಲ್ಲ, ಹೊಸ್ತಿಲೂ ಇರಲಿಲ್ಲ. ಬ್ಯಾಡಗಿಯಲ್ಲಿ ಹೊತ್ತು ಮುಳುಗುತ್ತಿದ್ದಂತೆ ಮಾಮಾ ರೊಟ್ಟಿ ಬಡಿದು, ಪಲ್ಯ ಮುಚ್ಚಿಟ್ಟು, ಒಲೆಯ ಮುಂದೆ ಕಿವಿಗೊಟ್ಟು ಕೂತುಕೊಳ್ಳುತ್ತಿದ್ದ. ಅಕ್ಕ ಬಡಿಸಿದರೆ ತಟ್ಟೆ ಸರಿಸುತ್ತಿದ್ದ.

"ಅವರು ಇನ್ನೂ ಬಂದಿಲ್ಲ" ಎನ್ನುತ್ತಿದ್ದ.

"ಯಾರು?"

ಹೇಳುತ್ತಿರಲಿಲ್ಲ. ತಲೆ ತಗ್ಗಿಸಿ ಸಣ್ಣಗೆ ನಗುತ್ತಿದ್ದ. ಮೊದಲು ರಾತ್ರಿಯ ಊಟ ಬಿಟ್ಟ. ಆಮೇಲೆ ಮಧ್ಯಾಹ್ನದ್ದನ್ನೂ ಬಿಟ್ಟ: "ನಿನ್ನೆನೂ ಬರಲಿಲ್ಲ, ಮೊನ್ನೆನೂ ಬರಲಿಲ್ಲ. ನಾ ಹೆಂಗ ಉಣ್ಲಿ?" ಕಪಾಳ ಒಳಸರಿಯಿತು. ಕಾಲು ನಡುಗತೊಡಗಿದವು. ಅಕ್ಕ ಫೋನ್ ಮಾಡಿ ಅತ್ತ ದಿನ ನಾನು ರಜೆ ಹಾಕಿ ಓಡಿದೆ.

ನಾನು ಗೋಡೆಯ ಮೇಲಿದ್ದ ಅವನದೇ ಫೋಟೋ ಇಳಿಸಿ ತೋರಿಸಿದೆ. "ಇವರಾ?"

ಮಾಮಾನ ಮುಖ ಕೆಂಪಾಯಿತು. ಬಾಯಿಯ ಮೇಲೆ ಕೈ ಇಟ್ಟುಕೊಂಡ. ಅಕ್ಕ ಗಾಜಿನ ಆಚೆ ಇಟ್ಟುಕೊಂಡ ಹಾಗೆಯೇ.

ಅಯ್ಯೋ ಶಿವನೇ! "ಗುದ್ಲೆಪ್ಪ" ಎಂಬ ಹೆಸರು ಅವನ ತಲೆಯೊಳಗೆ ಅವನದಾಗಿರಲಿಲ್ಲ. ಅಕ್ಕನ ತಲೆಯೊಳಗೆ ಅದಕ್ಕಿದ್ದ ಅರ್ಥವೇ ಹಾಗೇ ಬಂದು ಕೂತಿತ್ತು. ಸಂಜೆ ಮನೆಗೆ ಬರಬೇಕಾದವರು. ಅವರು ಉಂಡ ಮೇಲೆ, ಅವರ ತಟ್ಟೆಯಲ್ಲೇ ತಾನು ಉಣ್ಣುವುದು. ಮೂವತ್ತು ವರ್ಷ ಅಕ್ಕ ಹಾಗೆಯೇ ಕಾದು ಉಂಡವಳು. ಈಗ ಮಾಮಾ ಒಲೆಯ ಮುಂದೆ ಕೂತು ಗುದ್ಲೆಪ್ಪನ ದಾರಿ ಕಾಯುತ್ತಿದ್ದ. ಆ ಗುದ್ಲೆಪ್ಪ ಬರುವುದಾದರೂ ಎಲ್ಲಿಂದ?

"ಮಾಮಾ, ಗುದ್ಲೆಪ್ಪ ನೀನೇ!" ಎಂದು ಕೂಗಿದೆ.

"ಹಂಗೆಲ್ಲ ಹೆಸರು ಹಿಡಿಬ್ಯಾಡವಾ, ಅವರಿಗೆ ಒಳ್ಳೇದಲ್ಲ" ಎಂದ. ನನ್ನ ಕೂಗಿಗಿಂತ ಹೆಸರು ಹೇಳಿದ್ದೇ ಅವನಿಗೆ ನೋವಾಗಿತ್ತು.

ನನಗೊಂದು ಉಪಾಯ ಹೊಳೆಯಿತು. ಪಕ್ಕದ ಮನೆಯಿಂದ ಆಳೆತ್ತರದ ಕನ್ನಡಿ ತರಿಸಿ ಅಡುಗೆಮನೆಯ ಗೋಡೆಗೆ ಒರಗಿಸಿದೆ. ಮಾಮಾ ಕನ್ನಡಿ ನೋಡಿದ, ಎದ್ದು ನಿಂತ. "ಬಂದ್ರಿ?" ಎಂದ ದನಿ ಕೇಳಿ ಅಕ್ಕ ಗೋಡೆ ಹಿಡಿದುಕೊಂಡಳು. ಮಾಮಾ ಓಡಾಡಿ ಕನ್ನಡಿಯ ಮುಂದೆ ತಟ್ಟೆ ಇಟ್ಟ, ರೊಟ್ಟಿ ಹಾಕಿದ, ಬೆಣ್ಣೆ ಹಾಕಿದ, ಎದುರಿಗೆ ಕೂತ. ಕನ್ನಡಿಯ ಮನುಷ್ಯನೂ ಎದುರಿಗೆ ಕೂತ.

"ಉಣ್ರಿ" ಎಂದ ಮಾಮಾ.

ಕನ್ನಡಿಯೊಳಗಿನವನೂ ತುಟಿ ಅಲುಗಿಸಿದ, ತಟ್ಟೆ ಮುಟ್ಟಲಿಲ್ಲ. ಅವನು ಉಣ್ಣಲಿ ಎಂದು ಇವನು ಕಾದ, ಇವನು ಉಣ್ಣದೆ ಅವನ ಕೈ ಏಳುವಂತಿಲ್ಲ. ಇಬ್ಬರು ಗುದ್ಲೆಪ್ಪಂದಿರು ಹಸಿದುಕೊಂಡು ಒಬ್ಬರನ್ನೊಬ್ಬರು ನೋಡುತ್ತ ಕೂತರು. ರೊಟ್ಟಿ ತಣ್ಣಗಾಯಿತು. "ಸಿಟ್ಟಾಗ್ಯಾರ" ಎಂದು ಮಾಮಾ ಅಳತೊಡಗಿದ. ಕನ್ನಡಿಯವನೂ ಅತ್ತ. ಅಕ್ಕ ಬಂದು ಕನ್ನಡಿಯ ಮೇಲೆ ಚಾದರ ಎಸೆದಳು.

*

ಮಾಮಾನನ್ನು ಮತ್ತೆ ಕೇಂದ್ರಕ್ಕೆ ಕರೆತಂದೆವು, ಮೇಡಂ ಪರದೆಯ ಮುಂದೆ ನಿಂತರು. ಮಾಮಾನ ಮಿದುಳಿನ ನಕ್ಷೆ ತೆರೆದಿತ್ತು. ಯಾವ ಪದ ಮುಟ್ಟಿದರೂ ಅದರ ಎಳೆ ಹೋಗಿ ಅದೇ ತಾಯಿಬೇರಿಗೆ ಸೇರುತ್ತಿತ್ತು. ರೊಟ್ಟಿ, ಒಲೆ, ಬಾಗಿಲು, ಸಂಜೆ, ಹಸಿವು.

"ಹೆಂಡ್ತಿ ತಲ್ಯಾಗ ಗಂಡನ ಹೆಸರಿಗೆ ಇರೋ ಅರ್ಥ ಬೇರೆ, ಗಂಡನ ತಲ್ಯಾಗ ಇರೋದು ಬೇರೆ" ಎಂದರು.

"ಇದನ್ನ ಕಂಡುಹಿಡಿಯಾಕ ಡಾಕ್ಟರ್ ಆಗಬೇಕೇನ್ರಿ?" ಎಂದು ಬಾಯಿಗೆ ಬಂದೇಬಿಟ್ಟಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು ನಮ್ಮ ಕಥೆ. ಮೇಡಂ ಬೈಯಲಿಲ್ಲ. ಅವರ ಕಣ್ಣೂ ಕೆಂಪಾಗಿತ್ತು.

"ಮ್ಯಾಲೆ ಇನ್ನೊಂದು ಅಚ್ಚು ಒತ್ತಾಕ ಬರಂಗಿಲ್ಲೇನ್ರಿ? ನನ್ನ ತಲ್ಯಾಗಿಂದು ತಗೋರಿ. ಪ್ಯಾಟಿ ಗೆಳೆಯರದು ತಗೋರಿ."

"ಎಲ್ಲಾ ಗಟ್ಟಿ ಆಗ್ಯದ ಸುಲೋಚನಾ. ಒತ್ತಿದ್ರ ಹಿಡಿಯಂಗಿಲ್ಲ. ಒಂದೇ ದಾರಿ ಅದ. ಬೇರು ಸುಡಬೇಕು."

ಧ್ವನಿಯ ಕಿರಣವನ್ನು ಒಂದು ಬಿಂದುವಿಗೆ ಕೂಡಿಸಿ ಆ ಗಂಟನ್ನು ಸುಡುವುದು. ಬೇರು ಹೋದರೆ ಅದಕ್ಕೆ ಕಟ್ಟಿದ ಪದಗಳೆಲ್ಲ ಉದುರುತ್ತವೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಮೂಗಿನ ನಳಿಕೆಯಿಂದ ಗಂಜಿ ಇಳಿಸಲು ನೋಡಿದೆವು. "ಅವರು ಉಣ್ಣೂದರೊಳಗ ನನಗ್ಯಾಕ" ಎಂದು ಮಾಮಾ ಕಿತ್ತುಹಾಕಿದ. ಕೈ ಕಟ್ಟಿದರೆ ಇಡೀ ವಾರ್ಡಿಗೆ ಕೇಳುವಂತೆ ಗೋಳಾಡಿ ರಕ್ತದೊತ್ತಡ ಏರಿಸಿಕೊಂಡ. ಮೈಯಲ್ಲಿ ಎಲುಬೊಂದು ಉಳಿದಿತ್ತು. ಇನ್ನು ಕಾಯುವಂತಿರಲಿಲ್ಲ.

ಮೇಡಂ ಅಕ್ಕನನ್ನು ಕರೆದು ಎಲ್ಲವನ್ನೂ ಬಿಡಿಸಿ ಹೇಳಿದರು. ಅಕ್ಕ ಪೂರ್ತಿ ಕೇಳಿಸಿಕೊಂಡಳು.

"ಸುಟ್ಟ್ರ ಉಣ್ಣತಾರೇನ್ರಿ?"

"ಉಣ್ತಾರ. ಹಸಿವಿಗೆ ಪದ ಬೇಕಾಗಿಲ್ಲ, ಅದು ಮಿದುಳಿನ ತಳದಾಗ ಇರ್ತದ. ಬಾಯಿಗಿಟ್ರ ನುಂಗ್ತಾರ."

"ಮತ್ತ ನೀರು ಅಂದ್ರ ಏನು ಅಂತ ಕೇಳತಾರೇನು?"

"ಕೇಳೋ ಅಷ್ಟೂ ಉಳೀತದೋ ಇಲ್ಲೋ ಗೊತ್ತಿಲ್ಲವಾ. ಸುಟ್ಟ ಹೊಲದಾಗ ಇನ್ನೊಮ್ಮೆ ಬಿತ್ತಾಕ ಬರಂಗಿಲ್ಲ."

ಅಕ್ಕ ಮೇಡಂ ಮುಖವನ್ನೇ ನೋಡಿದಳು. "ಜೀವ ಇರಲಿ. ಸುಡ್ರಿ" ಎಂದಳು. ಆಮೇಲೆ ಅವಳು ಕುಸಿದುಬಿಟ್ಟಳು. ನೆಲದ ಮೇಲೆ ಕೂತು, ಮೊಣಕಾಲಿಗೆ ಹಣೆ ಹಚ್ಚಿ, ಕೂಸಿನ ಹಾಗೆ ಅತ್ತಳು. ನಾನು ಎಬ್ಬಿಸಲು ಹೋಗಲಿಲ್ಲ, ನಾನೂ ಪಕ್ಕದಲ್ಲೇ ಕೂತೆ. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ಕೇಳಿದಳು: "ಇವತ್ತೊಂದು ಸಂಜಿ ಮನಿಗೆ ಕರ್ಕೊಂಡು ಹೋಗಲ್ರಿ? ಒಲಿ ಅಂದ್ರ ಒಲಿ ಅಂತ ಗೊತ್ತಿರಾಗ, ಒಮ್ಮೆ ಒಲಿ ಮುಂದ ಕುಂದ್ರಲಿ."

ಮರುದಿನ ಮುಂಜಾನೆ ಕರೆತರಬೇಕೆಂದು ಹೇಳಿ ಮೇಡಂ ಬಿಟ್ಟರು.

*

ಗಾಡಿಯಲ್ಲಿ ಮಾಮಾ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಒರಗಿದ್ದ. "ಅವರು ಬಂದು ಹೋಗಿರತಾರೇನೋ, ಬೀಗ ನೋಡಿ" ಎಂದು ಆಗಾಗ ಕನವರಿಸುತ್ತಿದ್ದ. ಹಾವೇರಿ ದಾಟಿದ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು.

"ಸುಲೂ, ಅವತ್ತ ನಾ ಒಡಪು ಹೇಳಿದಾಗ ನಿನ್ನ ಪರದೆ ಮ್ಯಾಲೆ ಏನು ಭಾಳ ಹೊಳೀತು?"

"ಮೂಗಿಂದು. ಆಮ್ಯಾಲೆ ಕಿವಿದು. ಮಾರಿ ಕಡೀಗೆ."

"ಹೌದು ಮತ್ತ. ನಾ ಯಾವತ್ತರ ಬಾಗಿಲದಾಗ ನಿಂತು ಅವರ ಮಾರಿ ನೋಡೀನೇನು? ಒಲಿ ಮುಂದ ಇರತಿದ್ದೆ. ಕೆರದ ಸಪ್ಪಳ ಬರತಿತ್ತು, ಮೆಣಸಿನಕಾಯಿ ಘಾಟು ಬರತಿತ್ತು, ಹೊಸ್ತಿಲ ಹೊರಗ ಅಂಗಿ ಜಾಡಿಸಿ ಎರಡು ಸೀನು ಸೀನತಿದ್ರು. ಅಷ್ಟಾದ್ರ ಅವರು ಬಂದಂಗ."



ಮನೆ ಸೇರಿದಾಗ ಬಿಸಿಲು ಇಳಿದಿತ್ತು. ಮಾಮಾನಿಗೆ ನಿಲ್ಲಲು ಶಕ್ತಿಯಿರಲಿಲ್ಲ, ಆದರೂ ಒಲೆಯ ಮುಂದೆ ಕೂತು ರೊಟ್ಟಿ ಬಡಿದ. ಅಂಕುಡೊಂಕು ರೊಟ್ಟಿ. ಮುಚ್ಚಿಟ್ಟು, ಬಾಗಿಲ ಕಡೆ ಕಿವಿಗೊಟ್ಟ. ಅಕ್ಕ ನನ್ನನ್ನು ಅವನ ಬಳಿ ಕೂರಿಸಿ ಒಳಕೋಣೆಗೆ ಹೋದಳು. ಟ್ರಂಕಿನ ಮುಚ್ಚಳ ತೆರೆದ ಸದ್ದಾಯಿತು. ಹಿತ್ತಲ ಬಾಗಿಲ ಚಿಲಕ ತೆಗೆದ ಸದ್ದಾಯಿತು. ಆಮೇಲೆ ಹೊರಗೆ ಒಳಕಲ್ಲಿನಲ್ಲಿ ಏನೋ ಕುಟ್ಟಿದ ಹಾಗಿತ್ತು. ನನಗೆ ಎಲ್ಲ ತಿಳಿಯಿತು. ತಡೆಯಬೇಕೋ ಬಿಡಬೇಕೋ ತಿಳಿಯಲಿಲ್ಲ.

ಓಣಿಯಲ್ಲಿ ಕೆರದ ಸಪ್ಪಳ ಬಂತು. ಅಳತೆಗೆ ದೊಡ್ಡದಾದ ಕೆರ, ಎಳೆದೆಳೆದು ಇಡುವ ಹೆಜ್ಜೆ. ಘಾಟು ಬಾಗಿಲಿನಿಂದ ಒಳಗೆ ನುಗ್ಗಿತು. ಅಂಗಿ ಜಾಡಿಸಿದ ಸದ್ದು. ಒಂದು ಸೀನು. ಇನ್ನೊಂದು ಸೀನು.

ಮಾಮಾ ಎದ್ದ. ಯಾರ ಆಸರೆಯೂ ಇಲ್ಲದೆ ಎದ್ದ. ಆ ಮುಖದ ಬೆಳಕನ್ನು ನಾನು ಒಮ್ಮೆ ನೋಡಿದ್ದೆ, ಗಾಜಿನ ಆಚೆ ಅಕ್ಕ ಒಡಪು ಹೇಳಿದ ದಿನ. ನಾಲ್ಕು ಹೆಜ್ಜೆ ಇಟ್ಟವನು ಹೊಸ್ತಿಲ ಬಳಿ ಅನುಮಾನದಿಂದ ನಿಂತುಬಿಟ್ಟ. ಎಷ್ಟೋ ದಿನ ಬಾರದವರು, ಕನ್ನಡಿಯಲ್ಲಿ ಬಂದು ಉಣ್ಣದೆ ಹೋದವರು. ಹೊರಗೆ ಮಬ್ಬುಗತ್ತಲೆ. ಅಕ್ಕನ ಮೈಮೇಲೆ ಮಾಮಾನ ದೊಗಳೆ ಅಂಗಿ, ಧೋತರ, ತಲೆಗೆ ಸುತ್ತಿದ ಟವೆಲ್ಲು.

"ಯಾರು?" ಎಂದ.

ಅಕ್ಕನ ಬಾಯಿ ತೆರೆಯಿತು, ಮಾತು ಬರಲಿಲ್ಲ. ಅವಳ ತಲೆಯೊಳಗೆ ಏಳುತ್ತಿದ್ದ ತಡೆ ನನಗೆ ಪರದೆ ಇಲ್ಲದೆಯೂ ಕಾಣುತ್ತಿತ್ತು. ಮಾಮಾನ ಮುಖದ ಬೆಳಕು ಇಳಿಯತೊಡಗಿತು. ಹೇಳ ಬೇ ಅಕ್ಕಾ, ಹೇಳಿಬಿಡು ಎಂದು ನಾನು ಒಳಗೊಳಗೇ ಬೇಡಿಕೊಂಡೆ.

"ನಾನು" ಎಂದಳು ಅಕ್ಕ. "ಗುದ್ಲೆಪ್ಪ."

ಒಡಪಿಲ್ಲದೆ, ಬರಿದೆ ಹೆಸರು. ಗೋಡೆಗಳೆಲ್ಲ ಕೇಳಿಸಿಕೊಂಡವು.

"ಎಷ್ಟು ಹೊತ್ತು ಮಾಡಿದ್ರಿ!" ಎಂದು ಮಾಮಾ ರೇಗಿದ. ರೇಗುತ್ತಲೇ ಅತ್ತ. "ಜೀವ ಹೋಗಿತ್ತು ನಂದು. ಕೈಕಾಲು ತೊಳ್ಕೋರಿ." ತಂಬಿಗೆಯಲ್ಲಿ ನೀರು ತಂದ. ಅರ್ಧ ಚೆಲ್ಲಿತು.

ಅಕ್ಕ ಮಾಮಾನ ಮಣೆಯ ಮೇಲೆ ಕೂತಳು. ಆ ಮಣೆಯ ಮೇಲೆ ಅವಳು ಯಾವತ್ತೂ ಕೂತವಳಲ್ಲ. ಮಾಮಾ ಬಡಿಸಿದ. ಅವಳು ತುತ್ತು ಮುರಿದು ಬಾಯಿಗಿಟ್ಟಳು, ಅವನು ಅವಳ ಗಂಟಲನ್ನೇ ನೋಡುತ್ತ ಕೂತ.

ಅಷ್ಟರಲ್ಲಿ ಪಕ್ಕದ ಮನೆಯ ಕಲ್ಲವ್ವ ಹೊರಗಿನಿಂದ ಕೂಗಿದಳು. "ನಿಂಬಕ್ಕಾ! ಬಂದೀರೇನು?"

"ಓ, ಬಂದೆ ತಡಿಯವಾ" ಎಂದು ಮಾಮಾ ಎದ್ದು ಬಾಗಿಲಿಗೆ ಹೋದ. "ನಮ್ಮವರು ಬಂದಾರ, ಉಣ್ಣಾಕ ಕುಂತಾರ. ಆಮ್ಯಾಲೆ ಬರತೀನಿ."

ಕಲ್ಲವ್ವ ಎರಡು ಹೆಜ್ಜೆ ಹಿಂದೆ ಸರಿದಳು. ಅಕ್ಕ ತಲೆ ಎತ್ತಲಿಲ್ಲ. ಅವನು ಹಿಂದಿರುಗಿ ಬಂದಾಗ, "ಇನ್ನೊಂದು ರೊಟ್ಟಿ ಹಾಕು" ಎಂದಳು, ಮಾಮಾ ಅನ್ನುತ್ತಿದ್ದ ಹಾಗೆಯೇ. ಅದನ್ನು ಮುರಿದು, ತುದಿ ಮಾತ್ರ ಬಾಯಿಗಿಟ್ಟು, ಉಳಿದದ್ದನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು. ಮಾಮಾ ಆ ತಟ್ಟೆಯನ್ನು ಹತ್ತಿರ ಎಳೆದುಕೊಂಡು ಉಣ್ಣತೊಡಗಿದ. ಎರಡು ಕೈಯಲ್ಲೂ ಉಂಡ.

ಅಕ್ಕ ಹೊರಗೆ ಕಟ್ಟೆಯ ಮೇಲೆ ಬಂದು ಕೂತಳು. ನಾನೂ ಬಂದು ಕೂತೆ. ಒಳಗೆ ಅವನು ರೊಟ್ಟಿ ಮುರಿಯುವುದು ಕೇಳುತ್ತಿತ್ತು. ಮರುದಿನ ಹುಬ್ಬಳ್ಳಿಗೆ ಹೋಗಬೇಕಿಲ್ಲ ಎಂದು ನಾನು ಹೇಳುವುದಿತ್ತು, ಅವಳೇ ಮೊದಲು ಮಾತಾಡಿದಳು.

"ಮುಂಜಾನೆ ನಾ ಮನಿ ಬಿಟ್ಟು ಹೋಗಬೇಕಲ್ಲ ಸುಲೂ. ಹೋದ್ರಲ್ಲ ಸಂಜಿಗೆ ಬರೂದು" ಎಂದಳು. ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡಳು. "ದಿನಾ ಸಂಜಿತನಕ ನಾ ಎಲ್ಲಿರಲಿ?"

ಒಳಗೆ ಮಾಮಾ ನೀರು ಕುಡಿದು ಲೋಟ ಕೆಳಗಿಟ್ಟ ಸದ್ದು ಕೇಳಿಸಿತು.